ಶಾಲಾ ಕಾನೂನೋ, ಪಠ್ಯಕ್ರಮವೋ: ಮೊದಲು ಯಾವುದು?

ಶಿರಸಿ, ಕಾರವಾರದ ಕಡೆ ಹೊಸದಾಗಿ ಮುಖ್ಯ ಶಿಕ್ಷಕರಾದವರಿಗೆ ನನ್ನ ಸಲಹೆ: ಮೊದಲು ಕಾನೂನು ಓದಿ.

ಇಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಮಗುವಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಇನ್ನೂ ಕಟ್ಟುನಿಟ್ಟು. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. 'ಊರಲ್ಲೇ ಮಾತಾಡಿ ಮುಗಿಸೋಣ' ಅಂದರೆ ಖಂಡಿತ ಒಪ್ಪಬೇಡಿ. ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಮುಖ್ಯವಾದ ಕಲಂಗಳನ್ನು ಓದಲು ಜಾಸ್ತಿ ದಿನ ಬೇಕಿಲ್ಲ.

ಪಠ್ಯಕ್ರಮದ ನೇತೃತ್ವ ಹಾಗಲ್ಲ, ವರ್ಷಗಟ್ಟಲೆ ಕೆಲಸ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕೂರುತ್ತಾರೆ. ಮನೆಯಲ್ಲಿ ಕೊಂಕಣಿ ಆಡುವ ಮಗು ಕಲಿಕಾ ಏಣಿಯ (ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕೆಯ ಹಂತಗಳು) ಒಂದೇ ಮೆಟ್ಟಿಲಲ್ಲಿ ನಿಂತುಬಿಟ್ಟಿದೆ ಅಂದುಕೊಳ್ಳಿ. ಆ ಮೆಟ್ಟಿಲಿನ ಚಟುವಟಿಕೆ ಕಾರ್ಡು ಹಿಡಿದು, ತರಗತಿಯ ಶಿಕ್ಷಕರ ಜೊತೆ ನೆಲದ ಮೇಲೆ ಕೂತು, ಮಗು ಎಲ್ಲಿ ತಡವರಿಸುತ್ತಿದೆ ಅಂತ ನೋಡಬೇಕು. ತೊಡಕು ಅಕ್ಷರದ್ದೋ, ಭಾಷೆಯದ್ದೋ? ಇದನ್ನು ಯಾವ ಕಾಯ್ದೆಯೂ ಕಲಿಸುವುದಿಲ್ಲ. ನನಗೆ ಹೆಚ್ಚು ಪ್ರೀತಿಯ ಕೆಲಸವೂ ಇದೇ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಎರಡೂ ಬೇಕು ಬಿಡಿ. ಇನ್ನೂ ಸಹಶಿಕ್ಷಕರಾಗಿದ್ದರೆ ಪೋಕ್ಸೊ ಮತ್ತು 17ನೇ ಕಲಂ ಓದಿಕೊಂಡು, ನೇರ ಪಠ್ಯಕ್ರಮಕ್ಕೆ ಇಳಿಯಿರಿ.