ಜಿಮ್‌ಗೆ ಎಲೆಕ್ಟ್ರಾಲ್: ಸಾಕು, ಆದ್ರೆ ದಿನಾ ಬೇಡ

ಭೇದಿಯಾದಾಗ ಕುಡಿಯುತ್ತೇವಲ್ಲ, ಅದೇ ಎಲೆಕ್ಟ್ರಾಲ್ ಪೌಡರ್. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ, ಎಸಿ ಇಲ್ಲದ ಜಿಮ್‌ನಲ್ಲಿ ಸ್ಕ್ವಾಟ್ ಮಾಡುವವನಿಗೆ ದುಬಾರಿ ಎಲೆಕ್ಟ್ರೊಲೈಟ್ (ಸೋಡಿಯಂ, ಪೊಟ್ಯಾಸಿಯಂನಂಥ ಲವಣಗಳ) ಡಬ್ಬಿಗಿಂತ ಇದೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಒಂದು ಲೀಟರಿಗೆ ಕಲಸುವ ಪ್ಯಾಕೆಟ್‌ನಲ್ಲಿ 2.6 ಗ್ರಾಂ ಉಪ್ಪು, 2.9 ಗ್ರಾಂ ಸೋಡಿಯಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 13.5 ಗ್ರಾಂ ಗ್ಲೂಕೋಸ್ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಅಳತೆಯೇ ಇದು. ಗ್ಲೂಕೋಸ್ ಬರೀ ರುಚಿಗಲ್ಲ, ಸಣ್ಣ ಕರುಳು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಗೇ ಒಳಗೆ ಎಳೆದುಕೊಳ್ಳುತ್ತದೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ.

ಹಾಗಂತ ಇದನ್ನು ಕುಡಿದರೆ ಶಕ್ತಿ ಬರುತ್ತದೆ ಅಂದುಕೊಳ್ಳಬೇಡಿ. ಉಪ್ಪು ಸ್ನಾಯು ಬೆಳೆಸುವುದಿಲ್ಲ. ಬೆವರಿ ದೇಹದ ತೂಕದಲ್ಲಿ ಶೇ 2–3ರಷ್ಟು ನೀರು ಹೋದರೆ ಒಂದೇ ಸಲದ ಭಾರಿ ಲಿಫ್ಟ್‌ಗೆ ಅಷ್ಟೇನೂ ಹೊಡೆತ ಬೀಳದೇ ಇರಬಹುದು, ಆದರೆ ಸೆಟ್ ಮೇಲೆ ಸೆಟ್ ಮಾಡುವಾಗ ರೆಪ್ಸ್ (ಒಂದು ಸೆಟ್‌ನಲ್ಲಿ ಎಷ್ಟು ಸಲ ಎತ್ತುತ್ತೇವೋ ಅವು) ಕಡಿಮೆಯಾಗುತ್ತಾ ಹೋಗುತ್ತವೆ, ಅಲ್ವಾ? ಎಲೆಕ್ಟ್ರಾಲ್ ಕುಡಿದಾಗ ನನಗೆ ಫರಕು ಕಂಡದ್ದು ಅಲ್ಲೇ. ಕೊನೆಯ ಸೆಟ್‌ಗಳಲ್ಲಿ ಮೊದಲಿನಷ್ಟು ಸುಸ್ತಾಗುವುದಿಲ್ಲ, ಮನೆಗೆ ಬಂದ ಮೇಲೆ ತಲೆನೋವೂ ಇಲ್ಲ. ಬೆವರು ಕಡಿಮೆ ಇರುವ ಮಳೆಗಾಲದ ಬೆಳಗ್ಗೆ ಮಾತ್ರ ಏನೂ ಗೊತ್ತಾಗಲಿಲ್ಲ.

ರುಚಿ? ಉಪ್ಪುಪ್ಪು ಸಿಹಿ. ತಣ್ಣಗಿದ್ದರೆ ಗಂಟಲಲ್ಲಿ ಇಳಿಯುತ್ತದೆ, ಬೆಚ್ಚಗಾದರೆ ಕಷ್ಟ.

ಈಗ ದಿನಾ ಯಾಕೆ ಬೇಡ ಅನ್ನುವ ಮಾತು. ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಸೋಡಿಯಂ ಇದೆ. ದಿನಕ್ಕೆ 2 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ಅದೇ ವಿಶ್ವ ಆರೋಗ್ಯ ಸಂಸ್ಥೆ, ಅದರ ಮೇಲೆ ನಮ್ಮ ಉಪ್ಪಿನಕಾಯಿ, ಹಪ್ಪಳ, ಸಾರು ಬೇರೆ. ಬಿಪಿ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಮುಕ್ಕಾಲು ಗಂಟೆ ಬೈಸೆಪ್ಸ್ ಮಾಡಿ ಹೋಗುವವರಿಗೆ ನೀರು ಸಾಕು, ಬೇಕಾದರೆ ಮನೆಗೆ ಹೋಗಿ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಒಂದು ಚಮಚ ಪುಡಿ ಬಾಟಲಿಗೆ ಹಾಕಿ ಉಳಿದದ್ದನ್ನು ಕಟ್ಟಿಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ, ಪುಡಿಯೊಳಗೆ ಎಲ್ಲ ಕಡೆ ಒಂದೇ ಸಮ ಉಪ್ಪು ಇರುತ್ತದೆ ಅಂತ ಹೇಳೋಕಾಗಲ್ಲ. ಇಡೀ ಪ್ಯಾಕೆಟ್ ಒಂದು ಲೀಟರಿಗೇ ಕಲಸಿ, ಜೊತೆಗೆ ಲಿಫ್ಟ್ ಮಾಡುವವನೊಂದಿಗೆ ಹಂಚಿಕೊಳ್ಳಿ. 24 ಗಂಟೆ ದಾಟಿದರೆ ಚೆಲ್ಲಿಬಿಡಿ. ಕಲಸುವುದಕ್ಕೆ ಬೇಜಾರಾದರೆ ರೆಡಿ ಟೆಟ್ರಾ ಪ್ಯಾಕ್ ಕೂಡ ಸಿಗುತ್ತದೆ, ಆದರೆ ಲೀಟರ್ ಲೆಕ್ಕದಲ್ಲಿ ದುಡ್ಡು ಜಾಸ್ತಿ.