ಸರ್ಕಾರಿ ಕಾಲೇಜಿಗೆ ಹಣ: ತಲೆ ಎಣಿಸಿ ಕೊಡಬೇಕಾ, ಫಲಿತಾಂಶ ನೋಡಿ ಕೊಡಬೇಕಾ?

ಅಮೆರಿಕದ ರಾಜ್ಯಗಳ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಎಷ್ಟು ಜನ ಸೇರಿದರು ಅಂತ ನೋಡಿ ಹಣ ಕೊಡುವುದು ಒಂದು. ಎಷ್ಟು ಜನ ಓದು ಮುಗಿಸಿದರು ಅಂತ ನೋಡಿ ಕೊಡುವುದು ಇನ್ನೊಂದು. ಟೆನೆಸ್ಸಿ 1979ರಲ್ಲೇ ಫಲಿತಾಂಶಕ್ಕೆ ಸ್ವಲ್ಪ ಹಣ ಇಟ್ಟಿತು, 2010ರ ಕಾನೂನಿನ ನಂತರ ಅನುದಾನದ ಬಹುಪಾಲನ್ನೇ ಅದಕ್ಕೆ ಕಟ್ಟಿತು.

ಲೆಕ್ಕ ಸುಲಭವಾಗಿರಬೇಕು ಅಂದ್ರೆ ದಾಖಲಾತಿ ವಿಧಾನವೇ ವಾಸಿ. ಆದರೆ ಸೇರಿಸಿಕೊಂಡ ಮೇಲೆ ಹುಡುಗ ಅರ್ಧಕ್ಕೆ ಬಿಟ್ಟರೂ ಕಾಲೇಜಿಗೆ ನಷ್ಟ ಜಾಸ್ತಿ ಇಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ, ಯಾಕಂದ್ರೆ ಸಾಲ ಉಳಿಯುವುದು ಆ ಹುಡುಗನ ತಲೆ ಮೇಲೆ.

ಫಲಿತಾಂಶ ವಿಧಾನ ಆ ಹೊಣೆಯನ್ನು ಕಾಲೇಜಿಗೂ ಹೊರಿಸುತ್ತದೆ. ಸಮಸ್ಯೆ ನ್ಯಾಯದ್ದು. ಪದವಿ ಸಂಖ್ಯೆಗೇ ಹಣ ಅಂದಾಗ ಕಷ್ಟಪಡುವ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳದೆ ಇರುವುದೋ, ಬೇಗ ಮುಗಿಯುವ ಸರ್ಟಿಫಿಕೇಟ್ ಕೋರ್ಸ್ ಹೆಚ್ಚಿಸುವುದೋ ಸುಲಭದ ದಾರಿಯಾಗುತ್ತದೆ, ಸಂಶೋಧಕರು ಇಂಥ ಅಡ್ಡಪರಿಣಾಮಗಳನ್ನು ಹಲವು ರಾಜ್ಯಗಳಲ್ಲಿ ಕಂಡಿದ್ದಾರೆ. ಟೆನೆಸ್ಸಿ ಬಡ ಮತ್ತು ವಯಸ್ಕ ವಿದ್ಯಾರ್ಥಿಗಳ ಯಶಸ್ಸಿಗೆ ಹೆಚ್ಚು ತೂಕ ಕೊಟ್ಟಿದ್ದು ಇದಕ್ಕೇ. ಆ ತೂಕ ಇಲ್ಲದ ಸೂತ್ರ ನನಗೆ ಒಪ್ಪಿಗೆಯಿಲ್ಲ.

ಸ್ಥಿರತೆ? ಸಣ್ಣ ಕಾಲೇಜಿನಲ್ಲಿ ಒಂದು ಕೆಟ್ಟ ವರ್ಷವೇ ಬಜೆಟ್ ಅಲುಗಾಡಿಸಬಹುದು. ಮೂರು ವರ್ಷದ ಸರಾಸರಿ ತೆಗೆದುಕೊಂಡರೆ ಆ ಪೆಟ್ಟು ಕಡಿಮೆ.

ಹೊಸ ಕಾಲೇಜು, ಸಿಬ್ಬಂದಿ ಕೊರತೆ ಇರುವ ಕಾಲೇಜು ಆದ್ರೆ ದಾಖಲಾತಿ ಆಧಾರ ಇರಲಿ. ಸಲಹೆಗಾರರು, ಟ್ಯೂಷನ್ ವ್ಯವಸ್ಥೆ ಎಲ್ಲ ಇದ್ದೂ ಅರ್ಧಕ್ಕರ್ಧ ಜನ ಬಿಟ್ಟುಹೋಗುತ್ತಿದ್ದರೆ ಫಲಿತಾಂಶದ ಪಾಲು ಹೆಚ್ಚಿಸಿ. ಎರಡೂ ಬಗೆಯ ಕಾಲೇಜುಗಳಿರುವ ರಾಜ್ಯ ಮಿಶ್ರ ಸೂತ್ರದಿಂದ, ಸಣ್ಣ ಪಾಲಿನಿಂದ ಶುರು ಮಾಡಬಹುದು.