ಮೂರು ನಿಮಿಷದಲ್ಲಿ ಬರುವ ಕಾರು: ಹಿಂದಿನ ಸೀಟಿನಲ್ಲಿ ಆರು ವರ್ಷ, ಸ್ಟೀರಿಂಗ್ ಹಿಡಿದು ಹನ್ನೊಂದು ತಿಂಗಳು

ಆ್ಯಪ್ ಮೂಲಕ ಕಾರು ಕರೆಸಿಕೊಳ್ಳುವ ಸೇವೆಯೊಂದನ್ನು ನಾನು ಆರು ವರ್ಷ ಪ್ರಯಾಣಿಕನಾಗಿ ಬಳಸಿದ್ದೇನೆ. ಆಮೇಲೆ ಕೈಯಲ್ಲಿದ್ದ ಕೆಲಸ ಹೋದಾಗ ಅದೇ ಸೇವೆಗೆ ನನ್ನ ಸ್ವಂತ ಕಾರನ್ನು ಸೇರಿಸಿ ಹನ್ನೊಂದು ತಿಂಗಳು ಚಾಲಕನಾಗಿ ದುಡಿದಿದ್ದೇನೆ. ಈ ಬಗೆಯ ಸೇವೆಗಳ ಕುರಿತ ವಿಮರ್ಶೆಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಬರೆದವು. ಪ್ರಯಾಣಿಕರು ಚಾಲಕರನ್ನು ದೂರುತ್ತಾರೆ, ಚಾಲಕರು ಪ್ರಯಾಣಿಕರನ್ನು ದೂರುತ್ತಾರೆ, ಇಬ್ಬರ ನಡುವೆ ಕುಳಿತು ಲೆಕ್ಕ ಬರೆಯುವ ಆ್ಯಪ್ ಮಾತ್ರ ಯಾರ ಬಾಯಿಗೂ ಸಿಗದೆ ಪಾರಾಗುತ್ತದೆ. ಸೇವೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಪರದೆಯ ಬಣ್ಣ ಬೇರೆಯಾದರೂ ಈ ಆ್ಯಪ್‌ಗಳ ಒಳಗಿನ ನಡೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಓದುಗರಿಗೆ ಇದರಿಂದ ನಷ್ಟವೇನಿಲ್ಲ.

ಮೊದಲು ಪ್ರಯಾಣಿಕನ ಮಾತು. ಸೇವೆಯ ಗುಣಗಳನ್ನು ಒಪ್ಪಿಕೊಳ್ಳದೆ ಮುಂದೆ ಹೋದರೆ ಅನ್ಯಾಯವಾದೀತು. ಬಾಡಿಗೆ ಎಷ್ಟೆಂದು ಹತ್ತುವ ಮೊದಲೇ ತಿಳಿಯುತ್ತದೆ, ಚೌಕಾಸಿಯ ಮುಜುಗರವಿಲ್ಲ, ದಾರಿ ಗೊತ್ತಿಲ್ಲದ ಊರಿನಲ್ಲಿಯೂ ಸುತ್ತಿಸಿಬಿಟ್ಟಾರು ಎಂಬ ಭಯವಿಲ್ಲ. ಕಾರು ಎಲ್ಲಿದೆಯೆಂದು ಮನೆಯಲ್ಲಿರುವವರಿಗೆ ಮ್ಯಾಪಿನಲ್ಲೇ ತೋರಿಸಬಹುದು, ಒಟಿಪಿ ಹೇಳದೆ ಟ್ರಿಪ್ ಆರಂಭವಾಗದ ಕಾರಣ ತಪ್ಪು ಕಾರು ಹತ್ತುವ ಸಂಭವವೂ ಕಡಿಮೆ. ರಾತ್ರಿ ಒಂದೂವರೆಗೆ ಮಳೆಯಲ್ಲಿ ನೆನೆಯುತ್ತ ಕೈಬೀಸಿ, ನಿಲ್ಲಿಸಿದವನು ‘ಆ ಕಡೆ ಬರುವುದಿಲ್ಲ’ ಎಂದು ಹೊರಟುಹೋದುದನ್ನು ಒಮ್ಮೆಯಾದರೂ ಅನುಭವಿಸಿದವರಿಗೆ ಈ ಅನುಕೂಲದ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ದೋಷಗಳಲ್ಲಿ ದಿನನಿತ್ಯ ಕಾಡುವುದು ಪಿಕಪ್ ಜಾಗದ ಗೊಂದಲ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತವು ಗೋಡೆಗಳಿಗೆ ತಾಗಿ ಪ್ರತಿಫಲಿಸಿ ಫೋನನ್ನು ತಲುಪುವುದರಿಂದ, ನೀವು ಮುಂಬಾಗಿಲಲ್ಲಿ ನಿಂತಿದ್ದರೂ ನೀಲಿ ಚುಕ್ಕೆ ಹಿಂದಿನ ರಸ್ತೆಯಲ್ಲಿ ಕಾಣಿಸಬಹುದು. ಒಮ್ಮೆ ನಾನೂ ಚಾಲಕರೂ ಒಂದೇ ಕಟ್ಟಡದ ಎರಡು ಬದಿಗಳಲ್ಲಿ ನಿಂತು ಏಳು ನಿಮಿಷ ಫೋನಿನಲ್ಲಿ ‘ನಾನು ಇಲ್ಲೇ ಇದ್ದೇನೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕೊನೆಗೆ ಅವರು ಟ್ರಿಪ್ ಕ್ಯಾನ್ಸಲ್ ಮಾಡಿದರು, ಕಾಯಿಸಿದ ಶುಲ್ಕ ನನ್ನ ಖಾತೆಯಿಂದ ಹೋಯಿತು, ನಾನು ಸಿಟ್ಟಿನಿಂದ ದೂರು ಬರೆದೆ. ಆ ದೂರಿನಲ್ಲಿ ನಾನು ಬಳಸಿದ ಪದಗಳನ್ನು ಇಂದು ನೆನೆದರೆ ನಾಚಿಕೆಯಾಗುತ್ತದೆ.

ಇನ್ನೊಂದು ದೋಷವೆಂದರೆ ‘ಮೂರು ನಿಮಿಷ’. ಬುಕ್ ಮಾಡುವ ಮೊದಲು ಪರದೆಯಲ್ಲಿ ಕಾಣುವ ಈ ಅಂಕಿ, ಬುಕ್ ಮಾಡಿದ ಬಳಿಕ ಎಂಟಾಗುತ್ತದೆ, ಕಾರು ತಿರುವು ತಪ್ಪಿದರೆ ಹನ್ನೊಂದಾಗುತ್ತದೆ. ಚಾಲಕರು ಬೇಕೆಂದೇ ನಿಧಾನ ಮಾಡುತ್ತಿದ್ದಾರೆ ಎಂದೇ ನಾನು ಬಹುಕಾಲ ನಂಬಿದ್ದೆ. ಆಗೊಮ್ಮೆ ಈಗೊಮ್ಮೆ ಅದು ನಿಜವೂ ಹೌದು: ದೂರದ ಪಿಕಪ್ ಇಷ್ಟವಿಲ್ಲದ ಚಾಲಕರು, ತಾವು ಕ್ಯಾನ್ಸಲ್ ಮಾಡಿದರೆ ತಮ್ಮ ಲೆಕ್ಕ ಕೆಡುತ್ತದೆಂದು, ಪ್ರಯಾಣಿಕರೇ ಬೇಸತ್ತು ಕ್ಯಾನ್ಸಲ್ ಮಾಡಲಿ ಎಂದು ಕಾರನ್ನು ಕದಲಿಸದೆ ಕೂರುವುದುಂಟು. ಅದನ್ನು ಸಮರ್ಥಿಸಲಾರೆ, ನಾನೂ ಎರಡು ಬಾರಿ ಹಾಗೆ ಕುಳಿತಿದ್ದೇನೆ ಎಂಬುದನ್ನು ಮಾತ್ರ ಮುಚ್ಚಿಡಲಾರೆ.

ಈಗ ಮುಂದಿನ ಸೀಟಿಗೆ ಬರೋಣ. ಚಾಲಕನ ಪರದೆಯಲ್ಲಿ ಟ್ರಿಪ್ ಬಂದಾಗ ಒಂದು ಚೌಕ ಮೂಡುತ್ತದೆ. ಪಿಕಪ್‌ಗೆ ಎಷ್ಟು ದೂರ, ಕೈಗೆ ಎಷ್ಟು ಸಿಗುತ್ತದೆ, ಸುಮಾರಾಗಿ ಯಾವ ದಿಕ್ಕು ಎಂಬಷ್ಟು ವಿವರ ಅದರಲ್ಲಿರುತ್ತದೆ, ಸುತ್ತಲೂ ಒಂದು ಗೆರೆ ಕರಗುತ್ತ ಬರುತ್ತದೆ. ಅದು ಪೂರ್ತಿ ಕರಗುವುದರೊಳಗೆ, ಅಂದರೆ ಹತ್ತು ಹದಿನೈದು ಸೆಕೆಂಡಿನಲ್ಲಿ, ತೀರ್ಮಾನ ಮಾಡಬೇಕು, ಅದೂ ಕಾರು ಓಡುತ್ತಿರುವಾಗ. ಒಪ್ಪಿದರೆ ನಾಲ್ಕು ಕಿಲೋಮೀಟರ್ ಖಾಲಿ ಓಡಿಸಿ ಎರಡು ಕಿಲೋಮೀಟರ್ ಬಾಡಿಗೆ ಓಡಿಸಬೇಕಾದೀತು. ಬಿಟ್ಟರೆ ಮುಂದಿನದು ಯಾವಾಗ ಬರುತ್ತದೋ ಹೇಳುವವರಿಲ್ಲ. ಮೊದಲ ವಾರ ಬಂದುದನ್ನೆಲ್ಲ ಒಪ್ಪಿದೆ. ವಾರದ ಕೊನೆಗೆ ಆ್ಯಪ್ ತೋರಿಸಿದ ಗಳಿಕೆ ನೋಡಿ ಖುಷಿಯೂ ಆಯಿತು. ಪೆಟ್ರೋಲಿನ ರಸೀದಿಗಳನ್ನು ಡ್ಯಾಶ್‌ಬೋರ್ಡಿನ ಕೆಳಗಿನ ಡಬ್ಬಿಯಿಂದ ತೆಗೆದು ಕೂಡಿಸಿದ ಮೇಲೆ ಆ ಖುಷಿ ಇಳಿಯಿತು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಮೂರೇ ಸಾಲು: ಲಾಗಿನ್ ಆಗಿ ಟ್ರಿಪ್‌ಗಾಗಿ ಕಾದ ಹೊತ್ತು, ಒಪ್ಪಿಕೊಂಡು ಪಿಕಪ್‌ಗೆ ಹೋದ ಹೊತ್ತು, ಪ್ರಯಾಣಿಕರು ಕಾರಿನಲ್ಲಿದ್ದ ಹೊತ್ತು. ಒಳ್ಳೆಯ ದಿನದಲ್ಲಿಯೂ ಹತ್ತು ಗಂಟೆಯ ಡ್ಯೂಟಿಯಲ್ಲಿ ಹಿಂದಿನ ಸೀಟು ತುಂಬಿದ್ದುದು ಆರು ಗಂಟೆ ದಾಟಲಿಲ್ಲ. ಹಣ ಹುಟ್ಟುವುದು ಬಹುಪಾಲು ಮೂರನೆಯ ಸಾಲಿನಲ್ಲಿ, ಪೆಟ್ರೋಲು ಉರಿಯುವುದು ಎರಡರಲ್ಲಿ, ಆಯುಸ್ಸು ಸವೆಯುವುದು ಮೂರರಲ್ಲೂ. ಈ ನೋಟ್‌ಬುಕ್ಕಿನಿಂದಲೇ ನನಗೆ ಸೇವೆಯ ಗುಟ್ಟು ಅರ್ಥವಾದದ್ದು. ಪ್ರಯಾಣಿಕನಿಗೆ ಮೂರು ನಿಮಿಷದಲ್ಲಿ ಕಾರು ಸಿಗಬೇಕಾದರೆ ಅವನ ಸುತ್ತಮುತ್ತ ಎಲ್ಲೋ ಒಂದೆರಡು ಕಾರುಗಳು ಖಾಲಿಯಾಗಿ ಕಾಯುತ್ತಿರಲೇಬೇಕು. ಪ್ರಯಾಣಿಕನ ಕಾಯುವಿಕೆಯನ್ನು ಚಿಕ್ಕದು ಮಾಡಿ, ಅದನ್ನು ಚಾಲಕನ ಹೆಗಲಿಗೆ ದೊಡ್ಡದಾಗಿ ವರ್ಗಾಯಿಸುವುದೇ ಇಲ್ಲಿನ ಸರಕು. ಹೆಚ್ಚು ಚಾಲಕರು ಲಾಗಿನ್ ಆದಷ್ಟೂ ಪ್ರಯಾಣಿಕನಿಗೆ ಸುಖ, ಆ್ಯಪ್‌ಗೆ ಖರ್ಚಿಲ್ಲ, ಏಕೆಂದರೆ ಕಾಯುವವರಿಗೆ ಅದು ಕಾಸು ಕೊಡಬೇಕಾಗಿಲ್ಲ.

ಇದು ನನ್ನೊಬ್ಬನ ಗೊಣಗಾಟವಲ್ಲ. ಈ ಉದ್ಯಮದ ಮೇಲೆ ನಡೆದ ದೊಡ್ಡ ಜಗಳಗಳೆಲ್ಲ ಸುತ್ತಿ ಸುತ್ತಿ ಕಾಯುವ ಹೊತ್ತಿನ ಆ ಮೊದಲ ಸಾಲಿಗೇ ಬಂದು ನಿಂತಿವೆ. 2021ರ ಫೆಬ್ರವರಿ 19ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರು ಸ್ವತಂತ್ರ ವ್ಯಾಪಾರಿಗಳಲ್ಲ, ‘ವರ್ಕರ್’ ಎಂಬ ಕಾನೂನಿನ ವರ್ಗಕ್ಕೆ ಸೇರಿದವರು ಎಂದು ತೀರ್ಪಿತ್ತಿತು. ಬಾಡಿಗೆ ಗೊತ್ತು ಮಾಡುವುದು ಕಂಪನಿ, ಕರಾರಿನ ಷರತ್ತು ಬರೆಯುವುದು ಕಂಪನಿ, ರೇಟಿಂಗ್ ಮೂಲಕ ಹದ್ದುಬಸ್ತಿನಲ್ಲಿಡುವುದು ಕಂಪನಿ ಎಂಬಂಥ ಕಾರಣಗಳನ್ನು ಕೊಟ್ಟ ಆ ತೀರ್ಪು, ತನ್ನ ಪ್ರದೇಶದಲ್ಲಿ ಲಾಗಿನ್ ಆಗಿ ಟ್ರಿಪ್ ಒಪ್ಪಲು ಸಿದ್ಧನಾಗಿ ಕುಳಿತ ಹೊತ್ತನ್ನೂ ಕೆಲಸದ ಹೊತ್ತೆಂದೇ ಎಣಿಸಿತು. ಮುಂದಿನ ತಿಂಗಳು ಕಂಪನಿ ಅಲ್ಲಿನ 70,000ಕ್ಕೂ ಹೆಚ್ಚು ಚಾಲಕರಿಗೆ ಕನಿಷ್ಠ ವೇತನ, ರಜೆಯ ವೇತನ, ಪಿಂಚಣಿ ಕೊಡುವುದಾಗಿ ಘೋಷಿಸಿದಾಗ ಕನಿಷ್ಠ ವೇತನದ ಗಡಿಯಾರವನ್ನು ಓಡಿಸಿದ್ದು ಟ್ರಿಪ್ ಒಪ್ಪಿಕೊಂಡ ಕ್ಷಣದಿಂದ, ಲಾಗಿನ್ ಆದ ಕ್ಷಣದಿಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ 2020ರ ನವೆಂಬರಿನಲ್ಲಿ ಮತದಾರರು ಒಪ್ಪಿದ ‘ಪ್ರೊಪೊಸಿಷನ್ 22’ ಎಂಬ ಕಾನೂನು ಚಾಲಕರಿಗೆ ಕನಿಷ್ಠ ವೇತನದ 120 ಪ್ರತಿಶತದಷ್ಟು ಖಾತರಿಯನ್ನು ಕೊಡುತ್ತದೆ. ಕೇಳಲು ಉದಾರವಾಗಿ ಕಾಣುವ ಆ ಖಾತರಿಯೂ ಟ್ರಿಪ್ ಒಪ್ಪಿದಲ್ಲಿಂದ ಇಳಿಸುವವರೆಗಿನ ಹೊತ್ತಿಗೆ ಮಾತ್ರ.

ಕಾಯುವ ಹೊತ್ತಿಗೆ ಬೆಲೆ ಕಟ್ಟಲು ನೇರವಾಗಿ ಹೊರಟದ್ದು ನ್ಯೂಯಾರ್ಕ್ ನಗರ. ಅಲ್ಲಿನ ಟ್ಯಾಕ್ಸಿ ಪ್ರಾಧಿಕಾರ 2019ರ ಫೆಬ್ರವರಿಯಿಂದ ಜಾರಿಗೆ ತಂದ ಸೂತ್ರದಲ್ಲಿ, ಚಾಲಕರ ಒಟ್ಟು ಹೊತ್ತಿನಲ್ಲಿ ಪ್ರಯಾಣಿಕರಿರುವ ಪಾಲು 58 ಪ್ರತಿಶತ ಎಂದು ಹಿಡಿದು, ಖಾಲಿ ಹೊತ್ತಿನ ನಷ್ಟ ತುಂಬುವಂತೆ ಪ್ರತಿ ಟ್ರಿಪ್ಪಿಗೆ ಚಾಲಕರಿಗೆ ಕೊಡಬೇಕಾದ ಕನಿಷ್ಠ ಮೊತ್ತವನ್ನು ಹೆಚ್ಚಿಸಲಾಗಿತ್ತು. 58 ಎಂಬ ಅಂಕಿಯನ್ನು ಮೊದಲ ಸಲ ಓದಿದಾಗ ನನ್ನ ನೋಟ್‌ಬುಕ್ಕನ್ನು ಯಾರೋ ಕದ್ದು ನೋಡಿದಂತಾಯಿತು. ಆದರೆ ನಿಯಮ ಬಂದ ಅದೇ ವರ್ಷ ಊಬರ್ ಮತ್ತು ಅದರ ಪ್ರತಿಸ್ಪರ್ಧಿ ಕಂಪನಿ ಲಿಫ್ಟ್ (Lyft) ಎರಡೂ, ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಚಾಲಕರು ಲಾಗಿನ್ ಆಗುವುದಕ್ಕೇ ಮಿತಿ ಹಾಕಿದವು. ಪುಕ್ಕಟೆಯಾಗಿದ್ದಾಗ ಎಷ್ಟು ಜನ ಬೇಕಾದರೂ ಕಾಯಬಹುದಿತ್ತು. ಬೆಲೆ ಬಂದ ಕೂಡಲೇ ಬಾಗಿಲು ಅರ್ಧ ಮುಚ್ಚಿತು.

ಇಂಥ ಸೇವೆಗಳಿಗೆ ಅಂಟಿಕೊಂಡ ‘ರೈಡ್ ಶೇರಿಂಗ್’, ಅಂದರೆ ಪ್ರಯಾಣದ ಹಂಚಿಕೆ, ಎಂಬ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. 2007ರಲ್ಲಿ ಆರಂಭವಾದ ಜಿಮ್‌ರೈಡ್, ದೂರದ ಊರಿಗೆ ಹೇಗೂ ಹೊರಟವರ ಕಾರಿನಲ್ಲಿ ಖಾಲಿ ಉಳಿದ ಸೀಟನ್ನು ಇನ್ನೊಬ್ಬರಿಗೆ ಹೊಂದಿಸಿಕೊಡುತ್ತಿತ್ತು, ಅದು ಹಂಚಿಕೆ. ಅದೇ ಕಂಪನಿಯಿಂದ 2012ರಲ್ಲಿ ಹೊರಬಂದ ಲಿಫ್ಟ್, ಕಾರಿನ ಮೂತಿಗೆ ಗುಲಾಬಿ ಬಣ್ಣದ ಮೀಸೆ ಅಂಟಿಸಿ ಸ್ನೇಹಿತನ ಕಾರಿನಂತೆ ಕಂಡರೂ, ಚಾಲಕ ತನಗೆ ಕೆಲಸವಿಲ್ಲದ ಕಡೆಗೆ ಬಾಡಿಗೆಗಾಗಿಯೇ ಹೋಗುತ್ತಿದ್ದ. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಥಾಪನೆಯಾದಾಗ ಊಬರ್‌ನ ಹೆಸರು ‘ಊಬರ್‌ಕ್ಯಾಬ್’ ಎಂದಿತ್ತು, ಅದೇ ಪ್ರಾಮಾಣಿಕವಾದ ಹೆಸರು.

ಬೇಡಿಕೆ ಏರಿದಾಗ ಹೆಚ್ಚುವ ‘ಸರ್ಜ್’ ದರದ ಬಗ್ಗೆ ಪ್ರಯಾಣಿಕರಿಗೆ ಸಿಟ್ಟಿರುವುದು ಸಹಜ. ಮಳೆ ಬಂದಾಗ ಬಾಡಿಗೆ ಎರಡು ಪಟ್ಟಾದರೆ ಚಾಲಕನೇ ದೋಚುತ್ತಿದ್ದಾನೆಂದು ತೋರುತ್ತದೆ. ಮುಂದಿನ ಸೀಟಿನಲ್ಲಿ ಕುಳಿತವನಿಗೆ ಅದು ಮ್ಯಾಪಿನ ಮೇಲೆ ಕೆಂಪಾಗುವ ಒಂದು ಪ್ರದೇಶ, ಅಷ್ಟೆ. ಆ ಕೆಂಪನ್ನು ಅರಸಿಕೊಂಡು ಹದಿನೈದು ನಿಮಿಷ ಓಡಿಸಿ ತಲುಪುವಷ್ಟರಲ್ಲಿ ನನ್ನಂತೆಯೇ ಬಂದ ಇನ್ನೂ ಹತ್ತು ಕಾರುಗಳು ಅಲ್ಲಿ ಸೇರಿರುತ್ತಿದ್ದವು, ಬಣ್ಣ ಮಾಸಿರುತ್ತಿತ್ತು. ಮೂರನೆಯ ತಿಂಗಳಿನಿಂದ ಕೆಂಪಿನ ಹಿಂದೆ ಓಡುವುದನ್ನು ಬಿಟ್ಟೆ, ಗಳಿಕೆಯಲ್ಲಿ ವ್ಯತ್ಯಾಸವೇನೂ ಆಗಲಿಲ್ಲ.

ಮೊದಲೆಲ್ಲ ದೂರಕ್ಕೆ ಇಷ್ಟು, ನಿಮಿಷಕ್ಕೆ ಇಷ್ಟು ಎಂದು ಬಾಡಿಗೆ ಕೂಡಿಸಿ, ಅದರಲ್ಲಿ ಕಮಿಷನ್ ಕಳೆದು ಉಳಿದುದನ್ನು ಚಾಲಕನಿಗೆ ಕೊಡುವ ಕ್ರಮವಿತ್ತು. ನಾನು ದುಡಿದ ಸೇವೆಯಲ್ಲಿ ಪ್ರಯಾಣಿಕ ಕೊಡುವ ಮೊತ್ತ ಒಂದು ಲೆಕ್ಕ, ಚಾಲಕನಿಗೆ ಸಿಗುವ ಮೊತ್ತ ಇನ್ನೊಂದು ಲೆಕ್ಕ. ಎರಡನ್ನೂ ಒಟ್ಟಿಗೆ ಯಾರ ಪರದೆಯಲ್ಲೂ ತೋರಿಸುವುದಿಲ್ಲ. ಒಂದು ಸಂಜೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದೆ ಕುಳಿತ ಹಿರಿಯರೊಬ್ಬರು ‘ಇದರಲ್ಲಿ ನಿಮಗೆ ಎಷ್ಟು ಬರುತ್ತದೆ?’ ಎಂದು ಕೇಳಿ, ತಮ್ಮ ಫೋನನ್ನು ಮುಂದೆ ಚಾಚಿದರು. ನಾನು ನನ್ನದನ್ನು ಸ್ಟ್ಯಾಂಡಿನಿಂದ ತೆಗೆದು ಪಕ್ಕದಲ್ಲಿ ಹಿಡಿದೆ. ಅವರು ಕೊಡುತ್ತಿದ್ದುದರಲ್ಲಿ ನನಗೆ ಸಿಗುತ್ತಿದ್ದುದು ಅರ್ಧಕ್ಕಿಂತ ತುಸು ಹೆಚ್ಚು. ಅದಕ್ಕೂ ಹಿಂದಿನ ಟ್ರಿಪ್ಪಿನಲ್ಲಿ ಪಾಲು ಇದಕ್ಕಿಂತ ಎಷ್ಟೋ ಚೆನ್ನಾಗಿತ್ತೆಂಬುದನ್ನೂ ಹೇಳಬೇಕು. ಯಾವುದು ಯಾಕೆ ಎಂದು ತಿಳಿಯದಿರುವುದೇ ಕಷ್ಟ. ಹಸಿರು ದೀಪ ಬಂತು. ಇಳಿಯುವವರೆಗೆ ಅವರು ಮತ್ತೆ ಮಾತಾಡಲಿಲ್ಲ.

ರೇಟಿಂಗ್ ವಿಷಯದಲ್ಲಿ ನಾನು ಪ್ರಯಾಣಿಕನಾಗಿದ್ದಾಗ ಮಾಡಿದ ತಪ್ಪನ್ನು ಬಹಳ ಜನ ಮಾಡುತ್ತಿರಬೇಕು. ನಾಲ್ಕು ಎಂದರೆ ಚೆನ್ನಾಗಿತ್ತು, ಐದು ಎಂದರೆ ಅಪರೂಪ ಎಂದು ಶಾಲೆಯ ಮೇಷ್ಟರಂತೆ ಅಂಕ ಹಾಕುತ್ತಿದ್ದೆ. ಊಬರ್‌ನಂಥ ಸೇವೆಗಳಲ್ಲಿ ಚಾಲಕನ ರೇಟಿಂಗ್ ಎಂದರೆ ರೇಟಿಂಗ್ ಸಿಕ್ಕ ಕೊನೆಯ 500 ಟ್ರಿಪ್‌ಗಳ ಸರಾಸರಿ, ಎಲ್ಲರೂ ಐದನ್ನೇ ಕೊಡುವ ಆ ಲೋಕದಲ್ಲಿ ನಾಲ್ಕು ಎಂಬುದು ಮೆಚ್ಚುಗೆಯಲ್ಲ, ದೂರು. ಕೆಲವು ಚಾಲಕರು ಬೇಡವೆಂದರೂ ಹವಾಮಾನದ ಬಗ್ಗೆ ಮಾತು ತೆಗೆಯುತ್ತಾರಲ್ಲ, ಅದರ ಹಿಂದೆಯೂ ಈ ಭಯವೇ ಇರುತ್ತದೆ. ಸುಮ್ಮನಿದ್ದರೆ ಒರಟನೆಂದುಕೊಂಡಾರೇ, ಮಾತಾಡಿದರೆ ತಲೆ ತಿನ್ನುತ್ತಾನೆ ಎಂದುಕೊಂಡಾರೇ ಎಂದು ನಾನೂ ಪ್ರತಿ ಪಿಕಪ್‌ನಲ್ಲಿ ಕನ್ನಡಿಯಲ್ಲಿ ಅವರ ಮುಖ ನೋಡಿ ಅಂದಾಜು ಮಾಡುತ್ತಿದ್ದೆ.

ಗ್ರಾಹಕ ಸಹಾಯವಾಣಿ ಎರಡೂ ಕಡೆಗೆ ಸಮಾನವಾಗಿ ನಿಷ್ಪ್ರಯೋಜಕ. ಒಂದು ರಾತ್ರಿ ಪ್ರಯಾಣಿಕನೊಬ್ಬ ಹಿಂದಿನ ಸೀಟಿನ ಮೇಲೆ ವಾಂತಿ ಮಾಡಿದ. ಫೋಟೋ ತೆಗೆದು ಕಳುಹಿಸಿ, ತೊಳೆಸಿದ ರಸೀದಿಯನ್ನೂ ಕಳುಹಿಸಿದ ಮೇಲೆ ತೊಳೆಸಿದ ಖರ್ಚು ಬಂತು, ಒಪ್ಪುತ್ತೇನೆ. ಸೀಟು ಒಣಗಿ ವಾಸನೆ ಹೋಗುವವರೆಗೆ, ಆ ರಾತ್ರಿಯೂ ಮರುದಿನ ಬೆಳಗ್ಗೆಯೂ ಕಾರು ನಿಂತದ್ದಕ್ಕೆ ಏನೆಂದು ಕೇಳಿದಾಗ, ನನ್ನ ‘ತಾಳ್ಮೆಗೆ ಧನ್ಯವಾದ’ ಹೇಳುವ ಒಂದೇ ಸಂದೇಶ ಮೂರು ಬಾರಿ ಬಂತು. ಇನ್ನೊಮ್ಮೆ ಗುರುತು ಪರೀಕ್ಷೆಗೆ ಸೆಲ್ಫಿ ಕೇಳಿದ ಆ್ಯಪ್, ಮಬ್ಬು ಬೆಳಕಿನಲ್ಲಿ ನನ್ನ ಮುಖ ನನ್ನದಲ್ಲವೆಂದು ತೀರ್ಮಾನಿಸಿ ಅರ್ಧ ದಿನ ಲಾಗಿನ್ ತಡೆಹಿಡಿಯಿತು.

ಓಡಿಸಲು ಯೋಚಿಸುತ್ತಿರುವವರಿಗೆ ಒಂದು ಎಚ್ಚರಿಕೆ ಹೇಳಬೇಕು: ವಿಮೆ. ಸ್ವಂತ ಬಳಕೆಗೆಂದು ಮಾಡಿಸಿದ ಪಾಲಿಸಿ ಸಾಮಾನ್ಯವಾಗಿ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ, ಕಂಪನಿಯ ವಿಮೆ ಟ್ರಿಪ್ ಒಪ್ಪಿದ ಮೇಲೆ ಪೂರ್ತಿಯಾಗಿ ಅನ್ವಯಿಸಿದರೂ, ಆ್ಯಪ್ ತೆರೆದು ಖಾಲಿ ಕಾಯುವ ಹೊತ್ತಿನಲ್ಲಿ ಅದು ತೆಳ್ಳಗಿರುವುದೋ ಇಲ್ಲದಿರುವುದೋ ಸಾಧ್ಯ. ಆ ಮೊದಲ ಸಾಲು ಇಲ್ಲಿಯೂ ಅನಾಥ. ಕರಾರಿನ ಆ ಪುಟವನ್ನು ಓದದೆ ಕಾರನ್ನು ರಸ್ತೆಗಿಳಿಸಬೇಡಿ. ಸಾಲ ಮಾಡಿ ಹೊಸ ಕಾರು ಕೊಂಡು ಇದನ್ನೇ ನಂಬಿ ಇಳಿಯುವವರಿಗಂತೂ ನನ್ನ ಉತ್ತರ ಬೇಡವೆಂದೇ. ಟಯರು, ಎಂಜಿನ್ ಆಯಿಲು, ಕಾರಿನ ಇಳಿಯುವ ಬೆಲೆ ಇವು ಯಾವುವೂ ಆ್ಯಪ್ ತೋರಿಸುವ ಗಳಿಕೆಯಲ್ಲಿ ಕಳೆದಿರುವುದಿಲ್ಲ, ಕಂತು ಮಾತ್ರ ಪ್ರತಿ ತಿಂಗಳು ಸರಿಯಾಗಿ ಬರುತ್ತದೆ. ಇರುವ ಕಾರಿನಲ್ಲಿ ದಿನಕ್ಕೆ ಎರಡು ಮೂರು ಗಂಟೆ, ಬೇಡಿಕೆಯಿರುವ ಹೊತ್ತನ್ನು ನೋಡಿಕೊಂಡು ಓಡಿಸುವವರಿಗೆ ಲೆಕ್ಕ ಹೊಂದೀತು. ನನ್ನ ಹನ್ನೊಂದು ತಿಂಗಳಲ್ಲಿ ಹೊಂದಿದ್ದು ಬೆಳಗಿನ ಏಳರಿಂದ ಹತ್ತರವರೆಗಿನ ಹೊತ್ತು ಮಾತ್ರ.

ಈಗ ಬೇರೆ ಕೆಲಸವಿದೆ, ಮತ್ತೆ ಹಿಂದಿನ ಸೀಟಿಗೆ ಮರಳಿದ್ದೇನೆ. ಬುಕ್ ಮಾಡುವ ಮೊದಲೇ ಕೆಳಗಿಳಿದು, ಕಾರು ನಿಲ್ಲಿಸಲು ಜಾಗವಿರುವ ಕಡೆ ನಿಂತು, ಪಿನ್ನನ್ನು ಬೆರಳಿನಿಂದ ಸರಿಸಿಟ್ಟು ಆಮೇಲೆ ಬಟನ್ ಒತ್ತುತ್ತೇನೆ. ಪ್ರಯಾಣಿಕನಾಗಿ ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ, ನಾಲ್ಕರ ಹಳೆಯ ಅರ್ಥದಲ್ಲಿ. ಚಾಲಕನಾಗಿ ಎರಡು. ಲಾಗಿನ್ ಆದ ಒಟ್ಟು ಗಂಟೆಗೆ ಎಷ್ಟು ಗಳಿಕೆಯಾಯಿತೆಂಬ ಒಂದು ಅಂಕಿಯನ್ನು, ನನ್ನ ನೋಟ್‌ಬುಕ್ಕಿನಂತೆ, ದಿನದ ಕೊನೆಗೆ ಚಾಲಕನ ಪರದೆಯಲ್ಲಿ ತೋರಿಸಲು ಆರಂಭಿಸಿದ ದಿನ ಅದನ್ನು ಮೂರಕ್ಕೆ ಏರಿಸುತ್ತೇನೆ.